ಕಾರವಾರದ ಸಂಜೆಗೆ ಮೊದಲ ಜಿಎನ್‌ಡಿ ಫಿಲ್ಟರ್ ಯಾವುದಿರಲಿ?

ಪ್ರಶ್ನೆ: ಹೊಸದಾಗಿ ಕ್ಯಾಮೆರಾ ಕೊಂಡಿದ್ದೇನೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಚಿತ್ರ ತೆಗೆದರೆ ಒಂದೋ ಆಕಾಶ ಬಿಳುಚಿಕೊಳ್ಳುತ್ತದೆ, ಇಲ್ಲವೇ ದಡ ಕಪ್ಪಾಗುತ್ತದೆ. ಮೇಲರ್ಧ ಕಪ್ಪಾಗಿದ್ದು ಕೆಳಗೆ ತಿಳಿಯಾಗಿರುವ ಗ್ರಾಜುಯೇಟೆಡ್ ಎನ್‌ಡಿ (ಜಿಎನ್‌ಡಿ) ಫಿಲ್ಟರ್‌ಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಉತ್ತರ: ಆಯತಾಕಾರದ 0.9 ಸಾಫ್ಟ್ ಕೊಳ್ಳಿ.

ಸಮುದ್ರಕ್ಕೆ ಹಾರ್ಡ್ ಫಿಲ್ಟರೇ ಸರಿ ಎಂಬ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ದಿಗಂತ ನೇರವಾಗಿದ್ದು, ಅದರ ಮೇಲೆ ಏನೂ ಎದ್ದು ನಿಲ್ಲದ ಕಡೆ ಆ ಮಾತು ನಿಜ. ಕಾರವಾರದಲ್ಲಿ ಅಂಥ ದಿಗಂತ ಸಿಗುವುದು ಕಷ್ಟ. ಎದುರಿಗೆ ದೇವಗಡ, ಕೂರ್ಮಗಡ ನಡುಗಡ್ಡೆಗಳು. ಉತ್ತರಕ್ಕೆ ತಿರುಗಿದರೆ ಕಾಳಿ ನದಿಯಾಚೆ ಸದಾಶಿವಗಡದ ಗುಡ್ಡ. ಹಾರ್ಡ್ ಫಿಲ್ಟರಿನ ಕಪ್ಪು ಥಟ್ಟನೆ ಮುಗಿಯುವುದರಿಂದ ಗುಡ್ಡದ ನೆತ್ತಿಗೆ ಮಸಿ ಬಳಿದಂತಾಗಿ, ಬುಡ ಮಾತ್ರ ತಿಳಿಯಾಗಿ ಉಳಿಯುತ್ತದೆ. ಸಾಫ್ಟ್‌ನಲ್ಲಿ ಕಪ್ಪು ಮೆಲ್ಲಗೆ ಇಳಿಯುವುದರಿಂದ ಈ ಗೆರೆ ಕಾಣುವುದಿಲ್ಲ.

0.3 ಎಂದರೆ ಒಂದು ಸ್ಟಾಪ್, 0.6 ಎಂದರೆ ಎರಡು, 0.9 ಎಂದರೆ ಮೂರು. ಒಂದು ಸ್ಟಾಪ್ ಕಳೆದರೆ ಬೆಳಕು ಅರ್ಧವಾಗುತ್ತದೆ, ಮೂರು ಸ್ಟಾಪ್ ಕಳೆದರೆ ಬೆಳಕು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊಸಬರಿಗೆ ಇದು ಅತಿಯಾಯಿತು ಅನ್ನಿಸಬಹುದು. ಆದರೆ ಸಾಫ್ಟ್ ಫಿಲ್ಟರಿನ ಪೂರ್ತಿ ಬಲ ಇರುವುದು ಮೇಲ್ಭಾಗದಲ್ಲಿ. ದಿಗಂತದ ಬಳಿ ಅದು ಬಹಳ ಕಡಿಮೆ. ಅದಕ್ಕೇ 0.6 ಬಿಟ್ಟು 0.9 ಹೇಳುತ್ತಿದ್ದೇನೆ.

ಕೊಳ್ಳುವ ಮೊದಲು ನೀವೇ ಅಳೆದು ನೋಡಿ. ಮ್ಯಾನುವಲ್ ಮೋಡ್‌ನಲ್ಲಿ ಅಪರ್ಚರ್, ಐಎಸ್‌ಒ ಬದಲಿಸದೆ ಮರಳಿಗೊಮ್ಮೆ, ಸೂರ್ಯನನ್ನು ಬಿಟ್ಟು ಆಕಾಶಕ್ಕೊಮ್ಮೆ ಮೀಟರ್ ಮಾಡಿ. ಮರಳಿಗೆ 1/15, ಆಕಾಶಕ್ಕೆ 1/250 ಸೆಕೆಂಡ್ ಬಂದರೆ ಅಂತರ ನಾಲ್ಕು ಸ್ಟಾಪ್. ಅದರಲ್ಲಿ ಮೂರನ್ನು ತಗ್ಗಿಸಿ, ಒಂದನ್ನು ಉಳಿಸಿಕೊಳ್ಳಬೇಕು. ಅಲೆ ಹಿಂದೆ ಸರಿದಾಗ ತೇವದ ಮರಳಿನಲ್ಲಿ ಆಕಾಶದ ಬಿಂಬ ಬೀಳುತ್ತದಲ್ಲ, ಅದನ್ನು ಗಮನಿಸಿ. ಬಿಂಬ ಯಾವಾಗಲೂ ಆಕಾಶಕ್ಕಿಂತ ತುಸು ಮಂಕು. ನಿಮ್ಮ ಚಿತ್ರದಲ್ಲಿ ಬಿಂಬವೇ ಹೆಚ್ಚು ಬೆಳಗುತ್ತಿದ್ದರೆ ಫಿಲ್ಟರ್ ಅತಿಯಾಗಿದೆ ಎಂದರ್ಥ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ತಪ್ಪಿದೆ ಅನ್ನಿಸಿಯೇ ಅನ್ನಿಸುತ್ತದೆ.

ಲೆನ್ಸಿಗೆ ತಿರುಗಿಸಿ ಹಾಕುವ ದುಂಡನೆಯ ಜಿಎನ್‌ಡಿ ಅಗ್ಗ, ಆದರೆ ದಯವಿಟ್ಟು ಬೇಡ. ಅದರ ಗಡಿ ನಟ್ಟನಡುವೆ ಇರುವುದರಿಂದ ಪ್ರತಿ ಚಿತ್ರದಲ್ಲೂ ದಿಗಂತವನ್ನು ಮಧ್ಯಕ್ಕೇ ತರಬೇಕಾಗುತ್ತದೆ. ಕೆಲವು ಹಳೆಯ ಕಿಟ್ ಲೆನ್ಸ್‌ಗಳ ಮುಂಭಾಗ ಫೋಕಸ್ ಮಾಡುವಾಗ ತಿರುಗುತ್ತದೆ. ಜೊತೆಗೆ ಫಿಲ್ಟರೂ ಓರೆಯಾಗುತ್ತದೆ. 100 ಮಿ.ಮೀ. ಅಗಲದ ಹೋಲ್ಡರ್ ಕೊಂಡರೆ ಫಿಲ್ಟರನ್ನು ಬೇಕಾದಷ್ಟು ಮೇಲೆ ಕೆಳಗೆ ಸರಿಸಬಹುದು, ಮುಂದೆ ಲೆನ್ಸ್ ಬದಲಿಸಿದರೂ ಅಡಾಪ್ಟರ್ ರಿಂಗ್ ಮಾತ್ರ ಹೊಸದು ಸಾಕು.

ದಿಗಂತದ ಬಳಿಯೇ ಕಪ್ಪು ಹೆಚ್ಚಿರುವ ರಿವರ್ಸ್ ಫಿಲ್ಟರ್ ಇರುವುದು ಸೂರ್ಯ ನೀರಿಗೆ ತಾಗುವ ಕೆಲವೇ ನಿಮಿಷಗಳಿಗೆ. ಅದನ್ನು ಆಮೇಲೆ ನೋಡೋಣ. ಸೂರ್ಯ ಮುಳುಗಿದ ನಂತರದ ಕಾಲು ಗಂಟೆಯಲ್ಲಿ ಸಾಫ್ಟ್ ಚೆನ್ನಾಗಿ ಒದಗುತ್ತದೆ, ಬಣ್ಣವೂ ಆಗಲೇ ಹೆಚ್ಚು. ಯಾಣಕ್ಕೆ ಹೋದಾಗ ಮಾತ್ರ ಫಿಲ್ಟರ್ ಚೀಲದಲ್ಲೇ ಇರಲಿ. ಆಕಾಶವನ್ನೇ ಸೀಳಿಕೊಂಡು ನಿಂತ ಬಂಡೆಯ ಅರ್ಧವನ್ನು ಅದು ಕಪ್ಪಾಗಿಸುತ್ತದೆ. ಅಲ್ಲಿ ಟ್ರೈಪಾಡ್ ಹಾಕಿ, ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ಎರಡು ಮೂರು ಚಿತ್ರ ತೆಗೆದು ಕೂಡಿಸುವುದೇ ವಾಸಿ. ಕಡಲಲ್ಲಿ ಆ ಉಪಾಯ ಅಷ್ಟು ಸಲೀಸಲ್ಲ. ಒಂದು ಚಿತ್ರದಿಂದ ಇನ್ನೊಂದಕ್ಕೆ ಅಲೆ ಜಾಗ ಬದಲಿಸಿರುತ್ತದೆ.

ರೆಸಿನ್ (ಒಂದು ಬಗೆಯ ಪ್ಲಾಸ್ಟಿಕ್) ಫಿಲ್ಟರ್ ಬಿದ್ದರೆ ಸುಲಭವಾಗಿ ಒಡೆಯದು, ಆದರೆ ಅದಕ್ಕೆ ಬೇಗ ಗೀರು ಬೀಳುತ್ತದೆ. ಗಾಜಿನದಕ್ಕೆ ಅಷ್ಟು ಬೇಗ ಗೀರು ಬೀಳದು, ಆದರೆ ಕೆಳಗೆ ಬಿದ್ದರೆ ಚೂರು. ಯಾವುದೇ ಇರಲಿ, ಅಲೆಯ ತುಂತುರು ಬಿದ್ದಾಗ ಒಣಬಟ್ಟೆಯಲ್ಲಿ ತಿಕ್ಕಬೇಡಿ, ಉಪ್ಪಿನ ಜೊತೆ ಮರಳಿನ ಕಣವೂ ಇರುತ್ತದೆ. ಮೊದಲು ಬಾಟಲಿಯ ಸಿಹಿನೀರು ಹಾಕಿ ತೊಳೆದು, ನಂತರ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒರೆಸಿ.