ಪರದೆ ಉಳಿಯಿತು, ದುರ್ಯೋಧನ ಮಸುಕಾದ

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಬಯಲಾಟ, ಅಂದರೆ ದೊಡ್ಡಾಟ, ನಡೆದರೆ ಈಗ ಆಟ ಆಡುವ ಅಟ್ಟದ ಮುಂದೆ ಮೊಬೈಲ್‌ಗಳದ್ದೇ ಸಾಲು. ಬೆಳಗಾಗುವ ಹೊತ್ತಿಗೆ ಇಡೀ ರಾತ್ರಿಯ ಆಟ ಯೂಟ್ಯೂಬ್ ಸೇರಿರುತ್ತದೆ. "ಡಿಜಿಟಲ್ ಆಯ್ತಲ್ಲ ಬಿಡ್ರಿ, ಇನ್ನು ಇದಕ್ಕೆ ಸಾವಿಲ್ಲ" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಕಿರಿಕಿರಿ. ದೆವ್ವ ಭೂತ ನಂಬದವರೂ ಪೆನ್‌ಡ್ರೈವ್‌ಗೆ ಅಮರತ್ವ ಇದೆ ಅಂತ ನಂಬುತ್ತಾರೆ.

ಫೋನು ಆಟವನ್ನು ಇದ್ದ ಹಾಗೆ ಹಿಡಿದಿಡುವುದಿಲ್ಲ. ಬಹುಪಾಲು ಎಸೆಯುತ್ತದೆ. ಸುಮ್ನೆ ಲೆಕ್ಕ ಹಾಕಿ. ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆ, ಒಂದೊಂದು ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 25 ಚಿತ್ರ. ಸೆಕೆಂಡಿಗೆ ಸುಮಾರು 155 ಮೆಗಾಬೈಟ್ ಆಯಿತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂಟು ಗಂಟೆಗೆ ಸುಮಾರು 4.5 ಟೆರಾಬೈಟ್. ಫೋನು ಬರೆದಿಡುವುದು ಸಾಮಾನ್ಯವಾಗಿ ಸೆಕೆಂಡಿಗೆ 2 ಮೆಗಾಬೈಟ್ ಆಸುಪಾಸು. ಉಳಿದದ್ದು ಎಲ್ಲಿ ಹೋಯಿತು?

ಅದನ್ನು ಊಹೆಗೆ ಬಿಟ್ಟಿರುತ್ತದೆ. ಹಿಂದಿನ ಚಿತ್ರದಲ್ಲಿ ಇದ್ದದ್ದೇ ಮುಂದಿನದರಲ್ಲೂ ಇರುತ್ತದೆ, ಸ್ವಲ್ಪ ಜರುಗಿರಬಹುದು ಅಷ್ಟೇ ಅಂತ ಫೋನು ಊಹಿಸುತ್ತದೆ. ವ್ಯತ್ಯಾಸವನ್ನು ಮಾತ್ರ ಬರೆದುಕೊಳ್ಳುತ್ತದೆ. ಸಿನಿಮಾಕ್ಕೆ, ವಾರ್ತೆಗೆ ಇದು ಸೊಗಸಾದ ಉಪಾಯ. ಆದರೆ ನಮ್ಮ ದುರ್ಯೋಧನ ಬರುವುದನ್ನು ನೋಡಿ. ಕಿರೀಟ, ಭುಜಕೀರ್ತಿಯ ತುಂಬ ಬಣ್ಣದ ಕಾಗದ, ಕನ್ನಡಿ ಚೂರು. ಅವನು ಒಂದು ಸುತ್ತು ಹಾಕಿದರೆ ಎಲ್ಲೆಲ್ಲೋ ಫಳ್ ಅನ್ನುತ್ತದೆ. ಯಾವ ಚೂರು ಯಾವಾಗ ಮಿನುಗುತ್ತದೆ ಅಂತ ಊಹಿಸಲು ಆಗದು. ಮೇಲೆ ಕತ್ತಲು ಬೇರೆ. ಕತ್ತಲಲ್ಲಿ ಕ್ಯಾಮೆರಾದೊಳಗೆ ಏಳುವ ಕಾಳುಕಾಳು ಗದ್ದಲಕ್ಕೂ ಫೋನು ಜಾಗ ಕೊಡಬೇಕು. ಜಾಗ ಸಾಲದಿದ್ದಾಗ ಅದು ಕೈಬಿಡುವುದು ಜಾಸ್ತಿ ಅಲುಗಾಡುವ ಭಾಗವನ್ನೇ. ಹಿಂದಿನ ಪರದೆ ಸ್ಪಷ್ಟವಾಗಿ ಉಳಿಯುತ್ತದೆ, ದುರ್ಯೋಧನ ಚೌಕ ಚೌಕವಾಗಿ ಒಡೆಯುತ್ತಾನೆ.

ಚಿತ್ರದ ಕಥೆ ಇಷ್ಟು. ನನ್ನ ನಿಜವಾದ ತಕರಾರು ಸದ್ದಿನ ಬಗ್ಗೆ.

ದೊಡ್ಡಾಟದಲ್ಲಿ ಹೆಜ್ಜೆಯನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಮದ್ದಳೆಯ ಪೆಟ್ಟಿಗೆ ಗೆಜ್ಜೆ ಸರಿಯಾಗಿ ಬಿತ್ತಾ ಇಲ್ಲವಾ ಅಂತ ತಾಲೀಮು ಮಾಡಿಸುವ ಮಾಸ್ತರು ಬೆನ್ನು ತಿರುಗಿಸಿ ಕೂತೇ ಹೇಳುತ್ತಾರೆ. ಈ ಗೆಜ್ಜೆಯೇ ಎಂಪಿ3 ಥರದ ಸದ್ದು ಕುಗ್ಗಿಸುವ ವಿಧಾನಗಳಿಗೆ ಗಂಟಲ ಮುಳ್ಳು. ಅವು ಸದ್ದನ್ನು ಸೆಕೆಂಡಿನ ಐವತ್ತನೇ ಒಂದು ಪಾಲಿನಷ್ಟು ತುಂಡುಗಳಾಗಿ ಕತ್ತರಿಸುತ್ತವೆ. ತುಂಡಿನೊಳಗೆ ಯಾವ ಯಾವ ಸ್ವರ ಎಷ್ಟೆಷ್ಟಿದೆ ಎಂದು ಅಳೆದು, ಜೋರು ಸದ್ದಿನ ಹಿಂದೆ ಅಡಗುವ ಸಣ್ಣ ಸದ್ದನ್ನು ಬಿಸಾಕುತ್ತವೆ. ಕಿವಿಗೆ ಹೇಗೂ ಅದು ಕೇಳುವುದಿಲ್ಲವಲ್ಲ, ಆ ಧೈರ್ಯ. ಜಾಣತನವೇ ಸರಿ. ಆದರೆ ಅಳತೆಯಲ್ಲಿ ಆಗುವ ಸಣ್ಣ ಸಣ್ಣ ತಪ್ಪು ಇಡೀ ತುಂಡಿಗೆ ಹರಡುತ್ತದೆ. ಒದ್ದೆ ಪಂಚೆಯ ಮೇಲೆ ಬಿದ್ದ ಶಾಯಿ ಚುಕ್ಕೆ ಎಲ್ಲ ಕಡೆಗೂ ಹಬ್ಬುತ್ತದಲ್ಲ, ಹಾಗೆ. ಗೆಜ್ಜೆ ಘಲ್ ಅಂದದ್ದು ತುಂಡಿನ ನಡುವೆ. ತಪ್ಪು ಮಾತ್ರ ಘಲ್ ಅನ್ನುವುದಕ್ಕೆ ಮುಂಚಿನ ಮೌನಕ್ಕೂ ಹೋಗಿ ಕೂರುತ್ತದೆ. ಅಂದರೆ ಹೆಜ್ಜೆ ಬೀಳುವ ಮೊದಲೇ ಒಂದು 'ಶ್ಶ್' ಕೇಳುತ್ತದೆ! ಪೆಟ್ಟಿನ ಮೊನೆ ಮೊಂಡಾಗುತ್ತದೆ.

ಎಂಪಿ3 ರೂಪಿಸಿದವರಿಗೆ ಇದು ಗೊತ್ತಿತ್ತು. ಸ್ಪೇನಿನ ನೃತ್ಯದಲ್ಲಿ ಬೆರಳಿಗೆ ಕಟ್ಟಿ ಬಾರಿಸುವ ಕ್ಯಾಸ್ಟನೆಟ್ ಎಂಬ ಚಿಟಿಕೆಯ ಸದ್ದು ಇಂಥ ವಿಧಾನಗಳಿಗೆ ಹೆಸರಾದ ಪರೀಕ್ಷೆ. ಅದಕ್ಕೆಂದೇ ಚೂಪು ಸದ್ದು ಬಂದಾಗ ತುಂಡನ್ನು ಇನ್ನೂ ಚಿಕ್ಕದು ಮಾಡುವ ಉಪಾಯವನ್ನು ಸೇರಿಸಿದರು. ಆದರೆ ಕಾಲು ತುಂಬ ಗೆಜ್ಜೆ ಕಟ್ಟಿ ಒಂದೇ ಸಮನೆ ಕುಣಿಯುವವನ ಮುಂದೆ, ಅದೂ ಕಡಿಮೆ ಜಾಗದಲ್ಲಿ ಉಳಿಸುವಾಗ, ಆ ಉಪಾಯ ಸೋಲುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿಯ ಯಾರಾದರೂ ಗೆಜ್ಜೆಯನ್ನೇ ಪರೀಕ್ಷೆಗೆ ಇಟ್ಟು ನೋಡಬಾರದೇ ಅಂತ ನನ್ನ ಆಸೆ.

ಫೋನಿನ ಇನ್ನೊಂದು ಉಪಕಾರ ಇದೆ. ಸದ್ದು ಜೋರಾದರೆ ತಾನೇ ತಗ್ಗಿಸುತ್ತದೆ, ಮೆಲ್ಲಗಾದರೆ ತಾನೇ ಏರಿಸುತ್ತದೆ. ಭೀಮ ಅಬ್ಬರಿಸಿದರೂ, ಪಾತ್ರಗಳನ್ನು ಮಾತಾಡಿಸುವ ಸಾರಥಿ ಪಿಸುಗುಟ್ಟಿದರೂ ಎರಡೂ ಒಂದೇ ಮಟ್ಟ. ನಡುವೆ ಮೌನ ಬಂದರೆ ಜನರೇಟರ್ ಗುರ್ ಅನ್ನುತ್ತದೆ. ಕೆಲವು ಫೋನುಗಳು ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಅಂದುಕೊಂಡು ಅಳಿಸುತ್ತವೆ. ಶ್ರುತಿಯೂ ಒಂದೇ ಸಮನೆ ಬರುವ ಸದ್ದೇ ತಾನೇ? ಯಂತ್ರಕ್ಕೆ ಎರಡೂ ಒಂದೇ.

ವಿಚಿತ್ರ ಏನೆಂದರೆ, ಸದ್ದನ್ನು ಕುಗ್ಗಿಸುವ ಅಗತ್ಯವೇ ಇಲ್ಲ. ಸೆಕೆಂಡಿಗೆ 48,000 ಅಳತೆ, ಒಂದೊಂದಕ್ಕೆ 3 ಬೈಟ್, ಎರಡು ಮೈಕು. ಎಂಟು ಗಂಟೆಯ ಆಟ ಒಂದಿಷ್ಟೂ ಕುಗ್ಗದೆ 8.3 ಗಿಗಾಬೈಟ್‌ನಲ್ಲಿ ಮುಗಿಯುತ್ತದೆ. 16 ಜಿಬಿ ಕಾರ್ಡ್‌ನಲ್ಲಿ ಜಾಗ ಮಿಗುತ್ತದೆ! ವೇವ್ ಫೈಲ್‌ನಲ್ಲಿ ಉಳಿಸುವ ಪುಟ್ಟ ರೆಕಾರ್ಡರ್ ಸಾಕು. ಒಂದು ಮೈಕು ಹಿಮ್ಮೇಳಕ್ಕೆ, ಇನ್ನೊಂದು ಅಟ್ಟದ ಹಲಗೆಯ ಹತ್ತಿರ. ತಾನೇ ತಗ್ಗಿಸಿ ಏರಿಸುವ ಸವಲತ್ತನ್ನು ಮೊದಲು ಆಫ್ ಮಾಡಿ. ವಿಡಿಯೊಗೆ ಸೆಕೆಂಡಿಗೆ 25 ಅಥವಾ 50 ಚಿತ್ರ ಇಡಿ, 30 ಬೇಡ. ನಮ್ಮ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಟುಕುತ್ತದೆ. 30ಕ್ಕೂ 100ಕ್ಕೂ ತಾಳ ಕೂಡದೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ.

ಇಷ್ಟಾದರೂ ಸಿಕ್ಕಿದ್ದು ಒಂದು ರಾತ್ರಿ ಮಾತ್ರ. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸರಾದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ಹಳ್ಳಿ ಗಾಯಕರ ಹಾಡುಗಳನ್ನು ಅಲ್ಯುಮಿನಿಯಂ ತಟ್ಟೆಗಳ ಮೇಲೆ ಕೊರೆದರು. ನಡುವೆ ಹಾಡು ನಿಲ್ಲದಿರಲಿ ಎಂದು ಎರಡು ಯಂತ್ರಗಳನ್ನು ಒಂದಾದ ಮೇಲೊಂದು ಓಡಿಸಿದರು. ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯ ಹೇಗೆ ಹುಟ್ಟಿರಬಹುದು ಅನ್ನುವುದು ಅವರ ಹುಡುಕಾಟ. ಅದೇ ಹಾಡನ್ನು ಮತ್ತೆ ಹಾಡಿದ ಗಾಯಕ "ಅಕ್ಷರವೂ ಬದಲಾಗಿಲ್ಲ" ಅನ್ನುತ್ತಿದ್ದ. ತಟ್ಟೆಗಳನ್ನು ಹೋಲಿಸಿದರೆ ಪ್ರತಿ ಸಲವೂ ಬೇರೆ ಬೇರೆ. ನಮ್ಮ ಸಾರಥಿಯೂ ಅಷ್ಟೇ. ಹಾಡುವ ಪದ ಅದೇ, ಆಡುವ ಮಾತು ಆ ಊರಿನದು, ಆ ವರ್ಷದ ಮಳೆಯದು. ಅದಕ್ಕೇ ಒಂದೇ ಪ್ರಸಂಗವನ್ನು ಎರಡು ಮೂರು ಊರಲ್ಲಿ ಹಿಡಿಯಬೇಕು. ತಾಲೀಮನ್ನೂ ಹಿಡಿಯಬೇಕು. ಮಾಸ್ತರು ತಿದ್ದುವ ಮಾತು ಅಲ್ಲಿ ಮಾತ್ರ ಕೇಳಿಸುತ್ತದೆ.

ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಎಐ ಸರಿ ಮಾಡುತ್ತದೆ ಅನ್ನುವವರಿಗೆ ಒಂದು ಮಾತು. ಮಸುಕಾದ ಮುಖಕ್ಕೆ ಅದು ತಾನು ಬೇರೆಲ್ಲೋ ಕಲಿತ ಕಣ್ಣು ಮೂಗನ್ನು ಹಚ್ಚುತ್ತದೆ. ಚೆಂದ ಕಾಣುತ್ತದೆ, ನಿಜ. ಆದರೆ ಅದು ನಿಮ್ಮ ಅಜ್ಜನ ಮುಖ ಅಲ್ಲ. ಮೂಲವನ್ನು ಮುಟ್ಟದೆ ಪಕ್ಕಕ್ಕಿಟ್ಟು ಆಮೇಲೆ ಏನು ಬೇಕಾದರೂ ಆಡಿಸಿ.

ಇನ್ನು ಇಡುವ ಜಾಗ. ಪೆನ್‌ಡ್ರೈವ್ ಒಳಗಿರುವುದು ಹಿಡಿದಿಟ್ಟ ವಿದ್ಯುತ್ ಕಣಗಳು. ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಅವು ಮೆಲ್ಲಗೆ ಸೋರುತ್ತವೆ. ಸೋರುವ ಮೊದಲೇ ಅದರ ಮೇಲೆ ಮದುವೆ ವಿಡಿಯೊ ತುಂಬುವವರಿದ್ದಾರೆ, ಅದು ಬೇರೆ. ನಗಬೇಡಿ. ಅಪೊಲೊ 11 ಚಂದ್ರನ ಮೇಲಿಂದ ಕಳಿಸಿದ ಮೂಲ ಚಿತ್ರಗಳ ಟೇಪುಗಳನ್ನೂ ಬಹುಶಃ ಅಳಿಸಿ ಮತ್ತೆ ಬಳಸಿರಬೇಕು ಅಂತ ನಾಸಾ 2009ರಲ್ಲಿ ಹೇಳಿತು. ಮೂರು ಪ್ರತಿ ಇಡಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ಚಳ್ಳಕೆರೆಯ ಆಟದ ಒಂದು ಪ್ರತಿ ದಾವಣಗೆರೆಯಲ್ಲಿರಲಿ. ಫೈಲ್‌ನ ಗುರುತು ತೆಗೆಯುವ ಶಾ-256 ಎಂಬ ಲೆಕ್ಕ ಪುಕ್ಕಟೆ ಸಿಗುತ್ತದೆ. ಎಷ್ಟೇ ದೊಡ್ಡ ಫೈಲಿಗೂ ಅದು 64 ಅಕ್ಷರ ಅಂಕಿಗಳ ಒಂದು ಸಾಲು ಕೊಡುತ್ತದೆ. ಒಳಗೆ ಒಂದೇ ಒಂದು ಬಿಟ್ ಕೆಟ್ಟರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಪಾತ್ರಧಾರಿಗಳ ಪಟ್ಟಿ ಇರುವ ನೋಟ್‌ಬುಕ್‌ನಲ್ಲೇ ಅದನ್ನು ಬರೆದಿಟ್ಟು, ವರ್ಷಕ್ಕೊಮ್ಮೆ ತಾಲೀಮು ಶುರುವಾಗುವಾಗ ಮೂರೂ ಪ್ರತಿಗಳನ್ನು ತಾಳೆ ನೋಡಬಹುದು. ಕೆಟ್ಟ ಪ್ರತಿ ಸಿಕ್ಕರೆ ಒಳ್ಳೆಯದರಿಂದ ಹೊಸದು ಮಾಡಿಕೊಳ್ಳುವುದು, ಅಷ್ಟೇ ಕೆಲಸ.