ಓದುಗರ ಪ್ರಶ್ನೆ: ಅಷ್ಟು ದೊಡ್ಡ ಚರ್ಚ್ ಇರುವಾಗ ಈಸ್ಟರ್ ಆರಾಧನೆ ಬಯಲಿನಲ್ಲೇಕೆ?

ಪ್ರಶ್ನೆ: ಹಾಸನದಲ್ಲಿ ನಮ್ಮ ಮನೆ ಚರ್ಚ್ ಒಂದರ ಹಿಂಬದಿಯ ಬೀದಿಯಲ್ಲಿದೆ. ಪ್ರತಿ ವರ್ಷ ಈಸ್ಟರ್ ಭಾನುವಾರ ಬೆಳಕು ಹರಿಯುವ ಮೊದಲೇ ಜನ ಬಂದು, ಒಳಗೆ ಹೋಗದೆ ಹೊರಗೆ ಬಯಲಿನಲ್ಲಿ ಕುಳಿತು ಹಾಡುತ್ತಾರೆ. ಅಷ್ಟು ದೊಡ್ಡ ಕಟ್ಟಡ ಇರುವಾಗ ಹೊರಗೇಕೆ? ಜಾಗ ಸಾಲುವುದಿಲ್ಲವೇ?

ಉತ್ತರ: ಜಾಗ ಸಾಲದಿರುವುದೂ ಉಂಟು. ವರ್ಷವಿಡೀ ಮುಖ ತೋರಿಸದವರು ಕೂಡ ಕ್ರಿಸ್ಮಸ್‌ಗೆ, ಈಸ್ಟರ್‌ಗೆ ತಪ್ಪದೆ ಬರುತ್ತಾರೆ. ಶಾಮಿಯಾನ ಹಾಕಿಸದಿದ್ದರೆ ಅರ್ಧ ಜನ ಮೆಟ್ಟಿಲ ಮೇಲೆ ನಿಲ್ಲಬೇಕು. ಆದರೆ ನೀವು ಕಂಡ ಮುಂಜಾನೆಯ ಆರಾಧನೆಗೆ ಅದು ಕಾರಣವಲ್ಲ. ಮೂವತ್ತೇ ಜನ ಬಂದರೂ ಅವರು ಹೊರಗೇ ಕೂರುತ್ತಾರೆ.

ಈಸ್ಟರ್ ಎಂದರೆ ಯೇಸು ಸತ್ತು ಮತ್ತೆ ಎದ್ದುಬಂದದ್ದನ್ನು ನೆನೆಯುವ ಹಬ್ಬ; ಅದರ ಮೂಲಕಥೆಯೇ ಬಯಲಿನಲ್ಲಿ ನಡೆಯುತ್ತದೆ. ಶುಕ್ರವಾರ ಶಿಲುಬೆಯ ಮೇಲೆ ಪ್ರಾಣಬಿಟ್ಟ ಯೇಸುವಿನ ದೇಹವನ್ನು ತೋಟವೊಂದರಲ್ಲಿ, ಬಂಡೆ ಕೊರೆದು ಮಾಡಿದ ಸಮಾಧಿಯಲ್ಲಿಟ್ಟು ಬಾಯಿಗೆ ಕಲ್ಲು ಉರುಳಿಸಿದ್ದರು. ಮರುದಿನ ಸಬ್ಬತ್, ಯೆಹೂದ್ಯರಿಗೆ ಅಂದು ಕೆಲಸ ನಿಷಿದ್ಧ. ಹಾಗಾಗಿ ದೇಹಕ್ಕೆ ಸುಗಂಧದ್ರವ್ಯ ಹಚ್ಚಲು ಹೆಂಗಸರು ಬಂದದ್ದು ಭಾನುವಾರ ಬೆಳಗ್ಗೆ. ಬೈಬಲಿನಲ್ಲಿರುವ ಮಾರ್ಕನ ಸುವಾರ್ತೆಯ ಪ್ರಕಾರ ಆಗ ಸೂರ್ಯ ಹುಟ್ಟಿತ್ತು; ಯೋಹಾನನ ಪ್ರಕಾರ ಮಗ್ದಲದ ಮರಿಯಳು ಬಂದಾಗ ಇನ್ನೂ ಕತ್ತಲೆ. ಕಲ್ಲು ಸರಿದಿತ್ತು, ಒಳಗೆ ದೇಹವಿರಲಿಲ್ಲ. ಎದುರಿಗೆ ನಿಂತ ಯೇಸುವನ್ನು ಮರಿಯಳು ತೋಟದ ಕೆಲಸದವನೆಂದು ತಿಳಿದು, ದೇಹವನ್ನು ಎಲ್ಲಿಟ್ಟಿದ್ದೀಯೆ ಎಂದು ಕೇಳುತ್ತಾಳೆ. ಕಾಫಿ ಸೀಮೆಯ ಕ್ರೈಸ್ತರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ ಎಂದು ನನ್ನ ಅನಿಸಿಕೆ. ತೋಟದಲ್ಲಿ ನಸುಕಿಗೇ ಯಾರಾದರೂ ಎದುರಾದರೆ ಕೆಲಸದವರೇ ಇರಬೇಕೆಂದುಕೊಳ್ಳುವುದು ಇಲ್ಲಿಯೂ ಸಹಜ.

ಆ ಹೊತ್ತಿಗೇ, ಅಂಥದೇ ಜಾಗದಲ್ಲಿ ನಿಂತು ಹಾಡುವ ಪದ್ಧತಿಗೆ ಒಂದು ಇಸವಿಯೂ ಇದೆ. ಇಂದಿನ ಜೆಕ್ ದೇಶದ ಮೊರಾವಿಯಾದಿಂದ ಧರ್ಮದ ಕಾರಣಕ್ಕೆ ಓಡಿಬಂದ ಕೆಲವು ಕುಟುಂಬಗಳು 1722ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಹೆರ್ನ್‌ಹುಟ್ ಎಂಬ ಊರು ಕಟ್ಟಿದವು. 1732ರ ಈಸ್ಟರ್‌ನಂದು ಅಲ್ಲಿನ ಒಂದಿಷ್ಟು ಯುವಕರು ನಸುಕಿನಲ್ಲಿ ಗುಡ್ಡದ ಮೇಲಿನ ಸಮಾಧಿಭೂಮಿಗೆ ಹೋಗಿ ಕೀರ್ತನೆ ಹಾಡಿದರು. ಅದೇ ರೂಢಿಯಾಗಿ, ಮಿಷನರಿಗಳೊಂದಿಗೆ ಖಂಡಗಳನ್ನು ದಾಟಿ, ಬೇರೆ ಪ್ರೊಟೆಸ್ಟೆಂಟ್ ಸಭೆಗಳಿಗೂ ಹಬ್ಬಿತು. ಹಳೆಯ ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ಪ್ರೊಟೆಸ್ಟೆಂಟರ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐಯಲ್ಲಿ ಸೇರಿಕೊಂಡವು. ಸೂರ್ಯೋದಯದ ಆರಾಧನೆಯನ್ನು ಹೆಚ್ಚಾಗಿ ಕಾಣುವುದು ಇಂಥ ಸಭೆಗಳಲ್ಲಿ. ಕೆಲವರು ಚರ್ಚಿನ ಅಂಗಳದಲ್ಲಿ ಸೇರುತ್ತಾರೆ, ಕೆಲವರು ಗುಡ್ಡಕ್ಕೆ ಹೋಗುತ್ತಾರೆ, ಕೆಲವರು ಇಂದಿಗೂ ಸಮಾಧಿಗಳ ನಡುವೆಯೇ ನಿಲ್ಲುತ್ತಾರೆ.

ನೆರೆಹೊರೆಯವರಿಗೆ ಅರ್ಥವಾಗದೆ ಉಳಿಯುವುದು ಈ ಕೊನೆಯದು. ಸ್ಮಶಾನಕ್ಕೆ ಹೋಗಿಬಂದವರು ಸ್ನಾನ ಮಾಡದೆ ಒಳಗೆ ಕಾಲಿಡದ ಊರು ನಮ್ಮದು. ಅಂಥಲ್ಲಿ ಹಬ್ಬದ ದಿನವೇ ಒಳ್ಳೆಯ ಬಟ್ಟೆ ತೊಟ್ಟು, ಮಕ್ಕಳ ಕೈಹಿಡಿದು ಗೋರಿಗಳ ಬಳಿಗೆ ಹೋಗುವುದೆಂದರೆ ವಿಚಿತ್ರ ಎನಿಸದಿರದು. ಆದರೆ ಸತ್ತವರು ಏಳುತ್ತಾರೆ ಎಂಬ ನಂಬಿಕೆಯನ್ನು ಗೋಡೆಗಳ ನಡುವೆ ಹೇಳುವುದು ಸುಲಭ. ಹೋದ ವರ್ಷವಷ್ಟೇ ಮಣ್ಣು ಕೊಟ್ಟ ಅಪ್ಪನ ಗೋರಿಯ ಪಕ್ಕ ನಿಂತು ಅದನ್ನೇ ಹಾಡಬೇಕೆಂದರೆ ಗಂಟಲು ಕಟ್ಟುತ್ತದೆ, ಹಾಡುವುದು ಅದಕ್ಕಾಗಿಯೇ.

ಕ್ಯಾಥೊಲಿಕರ ದಾರಿ ಬೇರೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೆಚ್ಚಿನ ಕ್ಯಾಥೊಲಿಕ್ ಚರ್ಚುಗಳು 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಬಿಷಪರ ಆಡಳಿತಕ್ಕೆ ಸೇರಿದವು. ಅಲ್ಲಿ ಹಬ್ಬ ಶನಿವಾರ ರಾತ್ರಿಯೇ ಮೊದಲಾಗುತ್ತದೆ, ಅದೂ ಹೊರಗೆಯೇ. ಚರ್ಚಿನ ದೀಪಗಳನ್ನೆಲ್ಲ ಆರಿಸಿ ಜನ ಅಂಗಳದಲ್ಲಿ ಸೇರುತ್ತಾರೆ. ಸೌದೆ ಒಟ್ಟಿ ಹೊತ್ತಿಸಿದ ಹೊಸ ಬೆಂಕಿಯನ್ನು ಗುರುಗಳು ಆಶೀರ್ವದಿಸುತ್ತಾರೆ. ಆಮೇಲೆ ತೋಳುದ್ದದ ಪಾಸ್ಕ, ಅಂದರೆ ಈಸ್ಟರ್ ಮೇಣದಬತ್ತಿಯ ಮೇಲೆ ಮೊನೆಯಿಂದ ಶಿಲುಬೆ ಗೀರಿ, ಮೇಲೆ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರ, ಕೆಳಗೆ ಕೊನೆಯ ಅಕ್ಷರ, ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕಿ ಬರೆಯುತ್ತಾರೆ. ಐದು ಗಾಯಗಳ ಗುರುತಾಗಿ ಐದು ಧೂಪದ ಕಾಳು ಚುಚ್ಚುತ್ತಾರೆ. ಆ ಬತ್ತಿಯನ್ನು ಬೆಂಕಿಯಿಂದ ಹೊತ್ತಿಸಿ ಕತ್ತಲ ಚರ್ಚಿನೊಳಗೆ ಒಯ್ಯುತ್ತಾರೆ. ಅದರಿಂದ ಒಬ್ಬರ ಬತ್ತಿ, ಅವರಿಂದ ಪಕ್ಕದವರದು. ಮೇಣ ಕೈಮೇಲೆ ಬೀಳದಿರಲೆಂದು ಪ್ರತಿ ಬತ್ತಿಗೂ ಕಾಗದದ ಲೋಟ ತೂರಿಸಿರುತ್ತಾರೆ. ಗಾಳಿ ಬೀಸಿದರೆ ಮಕ್ಕಳದೇ ಮೊದಲು ಆರುವುದು. ಗುರುವಾರದಿಂದ ಮೂಕವಾಗಿದ್ದ ಗಂಟೆಗಳು ಮತ್ತೆ ಬಾರಿಸುವುದು ಅಂದು ರಾತ್ರಿಯೇ. ಈ ಜಾಗರಣೆ ಶತಮಾನಗಳ ಕಾಲ ಶನಿವಾರ ಬೆಳಗಿನ ಬಿಸಿಲಿಗೆ ಜಾರಿಹೋಗಿತ್ತು. ಅದನ್ನು ಮತ್ತೆ ರಾತ್ರಿಗೆ ತಂದವರು ಪೋಪ್ ಹನ್ನೆರಡನೆಯ ಪಯಸ್: 1951ರಲ್ಲಿ ಪ್ರಯೋಗವಾಗಿ, 1955ರಲ್ಲಿ ಕಾಯಂ ಆಗಿ.

ಅಂದಹಾಗೆ, ಚಾವಣಿಯಿಲ್ಲದ ಆರಾಧನೆ ಎಂದರೆ ಹಾಸನದವರಿಗೆ ಶೆಟ್ಟಿಹಳ್ಳಿ ನೆನಪಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಚರ್ಚ್ ಬಯಲಾದದ್ದು ಹೇಮಾವತಿ ಜಲಾಶಯದಿಂದ.

ಈಸ್ಟರ್ ಯಾವತ್ತು ಎಂಬುದಕ್ಕೆ ಕ್ಯಾಲೆಂಡರ್ ನೋಡಲೇಬೇಕೆಂದಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಎಂಬುದು ಲೆಕ್ಕ. ಹೆಚ್ಚಿನ ವರ್ಷಗಳಲ್ಲಿ ಅದು ನಮ್ಮ ದವನದ ಹುಣ್ಣಿಮೆಯೇ. 2026ರ ಏಪ್ರಿಲ್ 5ರ ಈಸ್ಟರ್ ಹಾಗೆ ಬಂದದ್ದು. 2027ರಲ್ಲಿ ಹೋಳಿ ಹುಣ್ಣಿಮೆಯ ಬೆನ್ನಿಗೇ, ಮಾರ್ಚ್ 28ಕ್ಕೆ. ಹೀಗಾಗಿ ಮೋಡವಿಲ್ಲದಿದ್ದರೆ, ಪೂರ್ವದಲ್ಲಿ ಸೂರ್ಯ ಹುಟ್ಟುವಾಗ ಆಕಾಶದ ಇನ್ನೊಂದು ಕಡೆ ಸವೆದ ಚಂದ್ರ ಇನ್ನೂ ಇರುತ್ತಾನೆ.

ಮೈಕ್ ಇಲ್ಲದೆ ಹಾಡುತ್ತಾರಲ್ಲ ಎಂದೂ ನಿಮಗೆ ಅನಿಸಿರಬಹುದು. ಶಬ್ದ ಮಾಲಿನ್ಯದ 2000ನೆಯ ಇಸವಿಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ಕೊಡಬಹುದಾದ ಸಡಿಲಿಕೆಯೂ ಮಧ್ಯರಾತ್ರಿಗೇ ಮುಗಿಯುತ್ತದೆ. ನಸುಕಿಗೆ ಅದು ಒದಗುವುದಿಲ್ಲ. ಆ ಕಾಲದಲ್ಲಿ ಹಾಸನದಲ್ಲಿ ಸೂರ್ಯ ಹುಟ್ಟುವುದು ಆರೂಕಾಲರ ಆಸುಪಾಸು. ಐದೂವರೆಗೆ ಶುರುಮಾಡುವವರಿಗೆ ಗಂಟಲೇ ಗತಿ. ನನ್ನನ್ನು ಕೇಳಿದರೆ ಅದೇ ಚೆನ್ನ. ಮಳೆಯ ಕಾಟ ಮಾತ್ರ ಕ್ಯಾಥೊಲಿಕರಿಗೇ ಹೆಚ್ಚು: ಮುಂಗಾರುಪೂರ್ವದ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನ ಕಟ್ಟಿ ಸಂಜೆ, ರಾತ್ರಿ ಸುರಿಯುತ್ತದೆ. ಆಗ ಬೆಂಕಿಯನ್ನು ಜಗಲಿಗೆ ತಂದು ಚಿಕ್ಕದಾಗಿ ಮುಗಿಸುತ್ತಾರೆ. ತೋಟಕ್ಕೆ ಮಳೆ ಬೇಕಾದವರೂ ಅದೇ ಜನರಾದ್ದರಿಂದ ಯಾರೂ ಅಷ್ಟಾಗಿ ಗೊಣಗುವುದಿಲ್ಲ.

ನೀವೂ ಹೋಗಬಹುದು, ಯಾರೂ ತಡೆಯುವುದಿಲ್ಲ. ಕ್ಯಾಥೊಲಿಕ್ ಪೂಜೆಯಲ್ಲಿ ಪರಮಪ್ರಸಾದದ ಸಾಲಿಗೆ ಮಾತ್ರ ನಿಲ್ಲಬೇಡಿ. ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಹಂಚುವಂಥದ್ದಲ್ಲ ಅದು. ಮುಗಿದ ಮೇಲೆ ಕೊಡುವ ಕಾಫಿಗೆ ಆ ನಿರ್ಬಂಧವಿಲ್ಲ.