ಎಂ.ಬಿ.ಬಿ.ಎಸ್. ಆಗದೆ ಎಂ.ಪಿ.ಎಚ್. ಓದಬಹುದಾ?

ಪ್ರಶ್ನೆ: ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಒಂದು ವರ್ಷದಿಂದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಈಗ ಎಂ.ಪಿ.ಎಚ್. ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅದು ಡಾಕ್ಟರುಗಳು ಓದುವ ಕೋರ್ಸ್ ಅಲ್ವಾ? ಓದಿ ಏನು ಮಾಡುತ್ತಾಳೆ?
– ರಾಜಾಜಿನಗರದ ಒಬ್ಬ ತಾಯಿ

ಧಾರಾಳವಾಗಿ ಓದಬಹುದು. ಎಂ.ಪಿ.ಎಚ್. ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ನಾನೂ ನರ್ಸಿಂಗ್ ಮುಗಿಸಿಯೇ ಈ ಕಡೆ ಬಂದವಳು.

ಎಂ.ಬಿ.ಬಿ.ಎಸ್. ಆದವರಿಗೆ ಮಾತ್ರ ಇರುವುದು ಎಂ.ಡಿ. ಕಮ್ಯುನಿಟಿ ಮೆಡಿಸಿನ್. ಅದು ಮೂರು ವರ್ಷ. ಎಂ.ಪಿ.ಎಚ್. ಬೇರೆ, ಎರಡು ವರ್ಷದ ಕೋರ್ಸ್. ನರ್ಸಿಂಗ್, ಡೆಂಟಲ್, ಆಯುರ್ವೇದ, ಫಾರ್ಮಸಿ, ಫಿಸಿಯೋಥೆರಪಿ ಓದಿದವರೆಲ್ಲ ಬರುತ್ತಾರೆ. ಕೆಲವು ಕಡೆ ಸಮಾಜಕಾರ್ಯ ಓದಿದವರನ್ನೂ ಸೇರಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕೆಲವು ಕಾಲೇಜುಗಳಲ್ಲೂ ಇದೆ. ನಿಯಮ ಒಂದೊಂದು ಕಡೆ ಒಂದೊಂದು ಥರ. ಈ ವರ್ಷದ ಪ್ರಾಸ್ಪೆಕ್ಟಸ್ ತರಿಸಿ ನೋಡಿ, ಹೋದ ವರ್ಷದ್ದನ್ನು ನಂಬಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿದರೆ ಔಷಧಿ ಬರೆದುಕೊಡಲು ಬರುವುದಿಲ್ಲ. ಇಲ್ಲಿ ಕಲಿಯುವುದು ಒಬ್ಬ ರೋಗಿಯ ಬಗ್ಗೆ ಅಲ್ಲ, ಇಡೀ ಬೀದಿಯ ಬಗ್ಗೆ, ಇಡೀ ಜಿಲ್ಲೆಯ ಬಗ್ಗೆ.

ಒಂದು ಹಳೆಯ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, ನೋಡಿರಬಹುದು. 1959ರಲ್ಲಿ ಶುರುವಾಯಿತು. ಆಗ ಎಲ್ಲರ ನಂಬಿಕೆ ಏನಿತ್ತು ಅಂದರೆ, ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ಕ್ಷಯ ಬಂದರೂ ಆಸ್ಪತ್ರೆಗೆ ಬರುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು ಅಂತ. ಸಂಸ್ಥೆಯಲ್ಲಿದ್ದ ಸಂಶೋಧಕರಾದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಕ್ಷಯ ರೋಗಿಗಳನ್ನೇ ಮಾತನಾಡಿಸಿ ಕೇಳುವ ಏರ್ಪಾಡು ಮಾಡಿದರು. ಕೆಮ್ಮು ಇದೆಯಾ? ಚಿಂತೆ ಆಗಿತ್ತಾ? ಎಲ್ಲಿಗೆ ಹೋಗಿದ್ರಿ? ಬಹುಪಾಲು ಜನಕ್ಕೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಅಲ್ಲಿ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ! ಕಫ ಪರೀಕ್ಷೆ ಆಗಿರಲಿಲ್ಲ. ತಪ್ಪು ಜನರದ್ದಲ್ಲ, ವ್ಯವಸ್ಥೆಯದ್ದು. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವನ್ನು ಹೆಣೆದಿದ್ದು ಇಂಥ ತಿಳಿವಳಿಕೆಯ ಮೇಲೆ. ರೋಗಿಯನ್ನು ಕೂರಿಸಿಕೊಂಡು ಕೇಳುವ ಈ ಕೆಲಸಕ್ಕೆ ನರ್ಸ್‌ಗಿಂತ ಚೆನ್ನಾಗಿ ತಯಾರಾದವರು ಯಾರಿದ್ದಾರೆ ಹೇಳಿ?

ಇವತ್ತಿನ ಉದಾಹರಣೆ ಬೇಕಾದರೆ ಡೆಂಗಿ. ಒಂದು ಮಳೆಗಾಲದಲ್ಲಿ ವಿದ್ಯಾರ್ಥಿಗಳ ಜೊತೆ ಶ್ರೀರಾಂಪುರದ ಗಲ್ಲಿಯೊಂದರಲ್ಲಿ ಲಾರ್ವಾ ಸರ್ವೆಗೆ, ಅಂದರೆ ಸೊಳ್ಳೆ ಮರಿ ಹುಡುಕಲು ಹೋಗಿದ್ದೆ. "ನಮ್ಮನೆ ನೀರು ಕ್ಲೀನಾಗಿದೆ, ನೋಡಮ್ಮ" ಅಂತ ಒಬ್ಬ ಅಜ್ಜಿ ನೀಲಿ ಡ್ರಮ್ಮಿನ ಮುಚ್ಚಳ ತೆಗೆದರು. ನೀರು ನಿಜವಾಗಿಯೂ ತಿಳಿಯಾಗಿತ್ತು. ಟಾರ್ಚ್ ಹಿಡಿದು ಬಗ್ಗಿದರೆ ಸಣ್ಣ ಹುಳುಗಳು ಬಳುಕುತ್ತಾ ತಳಕ್ಕಿಳಿದವು. ಡೆಂಗಿ ಹರಡುವ ಸೊಳ್ಳೆಗೆ ಬೇಕಾದದ್ದೇ ತಿಳಿ ನೀರು. 50 ಮನೆ ನೋಡಿ 6ರಲ್ಲಿ ಲಾರ್ವಾ ಸಿಕ್ಕರೆ ಹೌಸ್ ಇಂಡೆಕ್ಸ್ 12, ಅಂದರೆ ನೂರಕ್ಕೆ 12 ಮನೆ. ಇಷ್ಟು ಲೆಕ್ಕ ಯಾರು ಬೇಕಾದರೂ ಮಾಡಬಹುದು. ಆದರೆ ಅಜ್ಜಿ ಡ್ರಮ್ ಯಾಕೆ ಇಟ್ಟಿದ್ದಾರೆ? ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ. ಡ್ರಮ್ ಖಾಲಿ ಮಾಡಿ ಅಂತ ಸುಮ್ನೆ ಹೇಳಿ ಬಂದರೆ ಅವರು ಕುಡಿಯುವುದೇನು? ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ, ಮೇಲೆ ಬಟ್ಟೆ ಬಿಗಿಯಾಗಿ ಕಟ್ಟಿ ಅಂತ ಹೇಳಬೇಕು. ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬರೀ ನೀರು ಚೆಲ್ಲಿದರೆ ಸಾಲದು. ಜೊತೆಗೆ, ಆ ಗಲ್ಲಿಗೆ ನೀರು ಯಾಕೆ ಸರಿಯಾಗಿ ಬರುತ್ತಿಲ್ಲ ಅಂತ ವರದಿಯಲ್ಲಿ ಬರೆಯಬೇಕು. ಈ ಕೊನೆಯ ಕೆಲಸವೇ ಎಂ.ಪಿ.ಎಚ್.

ತರಗತಿಯಲ್ಲಿ ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಅನ್ನುವ ಅಧ್ಯಯನ), ಅಂಕಿಅಂಶ, ಪರಿಸರ ಆರೋಗ್ಯ, ಆರೋಗ್ಯ ಆಡಳಿತ ಇರುತ್ತವೆ. ಕೊನೆಗೆ ಒಂದು ಡೆಸರ್ಟೇಶನ್, ಅಂದರೆ ಸ್ವಂತ ಅಧ್ಯಯನದ ಪ್ರಬಂಧ. ಹುಡುಗಿಯರು ಜಾಸ್ತಿ ಹೆದರುವುದು ಅಂಕಿಅಂಶಕ್ಕೆ. ಪಿ.ಯು.ಸಿ. ಗಣಿತ ಮರೆತಿದ್ದರೂ ಪರವಾಗಿಲ್ಲ, ಮೊದಲ ಸೆಮಿಸ್ಟರ್‌ನಲ್ಲಿ ದಿನಾ ಒಂದು ಗಂಟೆ ಕೂತರೆ ಹಿಡಿತಕ್ಕೆ ಬರುತ್ತದೆ.

ಕೆಲಸದ ವಿಚಾರ ಮುಚ್ಚಿಡುವುದಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನ, ಸ್ವಯಂಸೇವಾ ಸಂಸ್ಥೆಗಳು, ಸಂಶೋಧನಾ ಪ್ರಾಜೆಕ್ಟ್‌ಗಳು, ಆಸ್ಪತ್ರೆಗಳ ಕ್ವಾಲಿಟಿ ವಿಭಾಗ, ಹೀಗೆ ದಾರಿಗಳಿವೆ. ಆದರೆ ಬಹಳಷ್ಟು ಕಾಂಟ್ರ್ಯಾಕ್ಟ್ ಕೆಲಸಗಳು. ಪ್ರಾಜೆಕ್ಟ್ ಮುಗಿದರೆ ಮತ್ತೆ ಹುಡುಕಬೇಕು. ಕೆಲವು ಹುದ್ದೆಗಳಲ್ಲಿ ಎಂ.ಬಿ.ಬಿ.ಎಸ್. ಆದವರಿಗೇ ಮೊದಲ ಆದ್ಯತೆ. ಹಾಗಾಗಿ ಅವಳ ನರ್ಸಿಂಗ್ ನೋಂದಣಿಯನ್ನು ಯಾವ ಕಾರಣಕ್ಕೂ ಬಿಡಬೇಡಿ, ನವೀಕರಿಸುತ್ತಾ ಇರಲಿ.

ಫೀಸು ಕಟ್ಟುವ ಮೊದಲು ಎರಡು ಕೆಲಸ ಮಾಡಲಿ. ರಜೆಯ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ವೈದ್ಯಾಧಿಕಾರಿಯನ್ನು ಕೇಳಿಕೊಂಡು ಒಬ್ಬ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸುತ್ತಲಿ. ಸಂಜೆ ಕಾಲು ನೋಯುತ್ತಿದ್ದರೂ ನೋಡಿದ್ದನ್ನು ನಿಮ್ಮ ಹತ್ತಿರ ಹೇಳಲು ಅವಳು ಕಾತರದಿಂದ ಬಂದರೆ ಹಿಂದೆಮುಂದೆ ನೋಡದೆ ಸೇರಿಸಿ. ಇನ್ನು, ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ. ಹಳೆಯ ವಿದ್ಯಾರ್ಥಿಗಳ ಎರಡು ಡೆಸರ್ಟೇಶನ್ ತೋರಿಸಿ ಅಂತ ಕೇಳಿ, ಫೀಲ್ಡ್‌ಗೆ ಯಾವ ಊರಿಗೆ, ಎಷ್ಟು ದಿನ ಕಳಿಸುತ್ತೀರಿ ಅಂತ ಕೇಳಿ.